ತೊಳೆದು ಕೊಟ್ಟ ಪೆನ್ ಡ್ರೈವ್

ಜೂನ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ನನ್ನ ಡೈರಿಯಲ್ಲಿ ಈ ವಿಷಯ ಶುರುವಾಗುವುದು ಇಲ್ಲಿಂದ. ತಾರೀಕು ಹಾಕದೆ ಯಾವುದನ್ನೂ ನಂಬಬಾರದೆಂಬುದು ನನ್ನ ಅಭ್ಯಾಸ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಬೆಕ್ಕು ಮರಿ ಹಾಕಿದ ದಿನ, ಅತ್ತೆ ಮುನಿಸಿಕೊಂಡ ದಿನ ಎಲ್ಲವೂ ಅದರಲ್ಲಿವೆ. ಬೆರಗಾದ ದಿನಗಳಿಗೆ ಮಾತ್ರ ಈವರೆಗೆ ಪ್ರತ್ಯೇಕ ಪುಟ ಬೇಕಾಗಿರಲಿಲ್ಲ. ಸಾಮಾನ್ಯವಾಗಿ ಮನುಷ್ಯರು ಸಮುದ್ರ, ನಕ್ಷತ್ರ ಇಂಥವನ್ನು ಕಂಡು ಬೆರಗಾಗುತ್ತಾರೆ. ನಾನು ಬೆರಗಾದದ್ದು ಒಂದು ಲೈಸೆನ್ಸ್ ಕಂಡು. ಸಮುದ್ರವಾದರೆ ಮಂಗಳೂರಿನಲ್ಲಿ ಬಸ್ಸು ಹತ್ತಿದರೆ ಸಿಗುತ್ತದೆ.

ನಮ್ಮ ಮಮ್ಮಿ ನಿವೃತ್ತ ಹೈಸ್ಕೂಲ್ ಟೀಚರ್. ಭಾನುವಾರ ಸಂಜೆ ಐದಕ್ಕೆ ಮಸ್ಕತ್, ದುಬೈಗಳಲ್ಲಿರುವ ಊರಿನ ಮಕ್ಕಳಿಗೆ ಲ್ಯಾಪ್‌ಟಾಪ್ ಮೂಲಕ ಕನ್ನಡ ಅಕ್ಷರ ಕಲಿಸುತ್ತಾರೆ. ಹಿಂದಿನ ವಾರ ಅದರ ಹಾರ್ಡ್ ಡಿಸ್ಕ್ ಸತ್ತಿತು. ಫಳ್ನೀರಿನ ಅಂಗಡಿಯವರು ಹೊಸ ಡಿಸ್ಕ್ ಹಾಕಿದರು. ಆಪರೇಟಿಂಗ್ ಸಿಸ್ಟಮ್ ಕೂಡ ಹಾಕಿಕೊಡುತ್ತೇವೆ ಎಂದರು. ಅದಕ್ಕೆ ಬಿಲ್ ಉಂಟಾ ಎಂದು ಮಮ್ಮಿ ಕೇಳಿದರು. ಅಂಥದ್ದಕ್ಕೆಲ್ಲ ಯಾರೂ ಬಿಲ್ ಕೇಳುವುದಿಲ್ಲ ಎಂದು ಅವರು ನಕ್ಕರು. ಮಮ್ಮಿ ಲ್ಯಾಪ್‌ಟಾಪ್ ಮಡಚಿ ಚೀಲಕ್ಕೆ ಹಾಕಿ ಮಣ್ಣಗುಡ್ಡದ ಮನೆಗೆ ಬಂದರು. ಮೊಬೈಲ್‌ನಲ್ಲೇ ಪಾಠ ಮಾಡಿ ಎಂದೆ. ಅದರಲ್ಲಿ ಮಕ್ಕಳ ಮುಖ ಕಡಲೆಕಾಳಿನಷ್ಟೇ ಕಾಣುತ್ತದೆ, ಯಾರು ಬರೆಯುತ್ತಾರೆ, ಯಾರು ತಿನ್ನುತ್ತಾರೆ ಗೊತ್ತಾಗುವುದಿಲ್ಲ ಎಂದರು.

ಹಾಗಾಗಿ ಭಾನುವಾರ ಚರ್ಚ್‌ನಲ್ಲಿ ಪೂಜೆ ಮುಗಿಸಿ ಬಂದವಳೇ ಮೇಲಿನ ಫ್ಲ್ಯಾಟಿನ ಯಶವಂತಣ್ಣನಿಂದ ಪೆನ್ ಡ್ರೈವ್ ತಂದೆ. ತಮ್ಮ ಲ್ಯಾಪ್‌ಟಾಪ್‌ಗೆಂದು ಅವರು ಅದರಲ್ಲಿ ಸಿಸ್ಟಮ್ ಇಳಿಸಿಟ್ಟಿದ್ದರು. ಹೇಗೆ ಹಾಕುವುದೆಂದು ತೋರಿಸಲು ತಾವೂ ಕೆಳಗೆ ಬಂದರು. ಮಮ್ಮಿ ಕನ್ನಡಕ ಏರಿಸಿದರು. ವರ್ಷಗಟ್ಟಲೆ ಪರೀಕ್ಷಾ ಕೊಠಡಿಯಲ್ಲಿ ನಿಂತು ಮಕ್ಕಳ ಅಂಗಿಯ ತೋಳು ಮಡಚಿಸಿ ನೋಡಿದವರು ಅವರು.

"ಪಕ್ಕದವರದ್ದನ್ನು ನೋಡಿ ನಮ್ಮಲ್ಲಿ ಇಳಿಸುವುದು. ಇದಕ್ಕೆ ಕಾಪಿ ಅಂತ ಹೇಳುವುದಲ್ಲವಾ ಯಶವಂತ?"

"ಪೆನ್ ಡ್ರೈವ್ ಬರೀ ಪಾತ್ರೆ, ಟೀಚರ್. ನನ್ನ ಇಡ್ಲಿ ಪಾತ್ರೆಯಲ್ಲಿ ನೀವು ಸಾನ್ನಾಂ ಬೇಯಿಸಿದರೆ ಅದು ನನ್ನ ಸಾನ್ನಾಂ ಆಗ್ತದಾ? ಅಕ್ಕಿ ನಿಮ್ಮದೇ. ಲ್ಯಾಪ್‌ಟಾಪ್ ತೆಗೆದುಕೊಂಡಾಗಲೇ ಲೈಸೆನ್ಸ್ ಅದರ ಮದರ್‌ಬೋರ್ಡ್‌ನಲ್ಲಿ ಹಾಕಿ ಕೊಟ್ಟಿರ್ತಾರೆ. ಡಿಸ್ಕ್ ಹೋದರೂ ಅದು ಹೋಗುವುದಿಲ್ಲ."

"ಇಲ್ಲದಿದ್ದರೆ?"

"ಇಲ್ಲದಿದ್ದರೆ ಅದೇ ಹೇಳ್ತದೆ, ನಿಮ್ಮದಲ್ಲ ಅಂತ."

ಹಾಗೆ ಹೇಳಿದರೆ ಇವತ್ತು ಪಾಠ ಇಲ್ಲ ಎಂದು ಮಮ್ಮಿ ತೀರ್ಮಾನ ಕೊಟ್ಟರು. ಕದ್ದ ವಸ್ತುವಿನ ಮುಂದೆ ಕೂತು ಮಕ್ಕಳಿಗೆ ಅ ಆ ಇ ಈ ಹೇಳುವುದು ಅವರಿಂದಾಗದು.

ಶುರು ಮಾಡಿದೆವು. ಮೊದಲು ನಿಯಮಗಳ ಉದ್ದನೆಯ ಪಾಠ ಬಂತು. ಒಪ್ಪಿಗೆ ಒತ್ತಲು ಹೋದ ನನ್ನ ಕೈಯನ್ನು ಮಮ್ಮಿ ಹಿಡಿದರು. ಓದದೆ ಸಹಿ ಹಾಕುವವರು ಮದುವೆಯಲ್ಲಿ ಮಾತ್ರ ಇರಬೇಕು ಎಂದು ಹೇಳಿ, ಕುರ್ಚಿ ಎಳೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಯಶವಂತಣ್ಣ ಮೇಲೆ ಹೋಗಿ ಊಟ ಮಾಡಿ ಬಂದರು. ನಾನು ಡೈರಿಯಲ್ಲಿ ಬರೆದುಕೊಂಡೆ: ಲೈಸೆನ್ಸ್ ಕರಾರನ್ನು ಪೂರ್ತಿ ಓದಿದ, ನಾನು ಕಣ್ಣಾರೆ ಕಂಡ ಮನುಷ್ಯರ ಸಂಖ್ಯೆ, ಒಂದು. ಒಂದು ಯಂತ್ರಕ್ಕೆ ಒಂದೇ ಲೈಸೆನ್ಸ್ ಎಂಬ ಜಾಗ ಬಂದಾಗ ಮಮ್ಮಿ, ಸರಿಯಾಗಿ ಬರೆದಿದ್ದಾರೆ ಎಂದು ಪೂರ್ಣಾಂಕ ಕೊಡುವ ಮುಖ ಮಾಡಿದರು.

ಆಮೇಲೆ ನಡೆದದ್ದೇ ಬೆರಗು. ಲೈಸೆನ್ಸ್ ಕೀ ಕೊಡಿ ಎಂದು ಕೇಳಬೇಕಾದ ಜಾಗದಲ್ಲಿ ಅದು ಕೇಳಲೇ ಇಲ್ಲ. ಎಲ್ಲ ಮುಗಿದು ಇಂಟರ್ನೆಟ್ ಸಿಕ್ಕ ಕೂಡಲೇ, ಲೈಸೆನ್ಸ್ ಚಾಲ್ತಿಯಲ್ಲಿದೆ ಎಂಬ ಒಂದು ಸಾಲು ತೋರಿಸಿತು. ಡಿಸ್ಕ್ ಹೊಸದು, ಪೆನ್ ಡ್ರೈವ್ ಮೇಲಿನ ಮನೆಯದು, ಲ್ಯಾಪ್‌ಟಾಪ್‌ನ ಅಡಿಯಲ್ಲಿ ಅಂಟಿಸಿದ್ದ ಸ್ಟಿಕ್ಕರ್ ಯಾವತ್ತೋ ಸವೆದು ಹೋಗಿದೆ. ಆದರೂ ತಾನು ಯಾರೆಂದು ಅದಕ್ಕೆ ಗೊತ್ತಿತ್ತು. ನಾನು ಇಷ್ಟು ಡೈರಿ ಬರೆದೂ ಆಧಾರ್ ಕಾರ್ಡ್ ಇಲ್ಲದೆ ಎಲ್ಲಿಯೂ ನಾನೆಂದು ಸಾಬೀತು ಮಾಡಲಾರೆ. ಮಮ್ಮಿ ಲ್ಯಾಪ್‌ಟಾಪ್‌ನ ಬೆನ್ನು ಸವರಿದರು. ಐದಕ್ಕೆ ಪಾಠ ನಡೆಯಿತು.

ಇಲ್ಲಿಗೆ ಮುಗಿಯಬಹುದಿತ್ತು. ರಾತ್ರಿ ಊಟದ ಹೊತ್ತಿಗೆ ಮಮ್ಮಿ, ಯಶವಂತನ ಪಾತ್ರೆ ತೊಳೆದೆಯಾ ಎಂದು ಕೇಳಿದರು. ನಮ್ಮಲ್ಲಿ ಎರವಲು ತಂದ ಪಾತ್ರೆಯನ್ನು ತೊಳೆಯದೆ ಕೊಡುವುದಿಲ್ಲ. ಖಾಲಿಯಂತೂ ಕೊಡುವುದೇ ಇಲ್ಲ. ನಾನು ಕ್ರಮ ತಪ್ಪದವಳು. ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಚೊಕ್ಕ ಮಾಡಿದೆ. ಕ್ರಿಸ್ಮಸ್‌ಗೆ ಮಮ್ಮಿ ಮಾಡುವ ನೇವ್ರಿಯ, ಅಂದರೆ ನಮ್ಮ ಕರ್ಜಿಕಾಯಿಯ, ವಿಧಾನವನ್ನು ಟೈಪ್ ಮಾಡಿ, ಫೋಟೋ ಸಮೇತ ಅದರೊಳಗಿಟ್ಟು ಕೊಟ್ಟೆ. ಡೈರಿಯಲ್ಲಿ ಅದರ ಮುಂದೆ ಸರಿ ಗುರುತು ಹಾಕಿದೆ.

ಮರುದಿನ ಕಾಟಿಪಳ್ಳದಿಂದ ಯಶವಂತಣ್ಣನ ಫೋನ್ ಬಂತು. ಭಾವನ ಲ್ಯಾಪ್‌ಟಾಪ್ ಸರಿ ಮಾಡಲು ಹೋಗಿದ್ದರು.

"ಎಂತ ಮಾರಾಯ್ತಿ, ಇದು ಏಳುವುದೇ ಇಲ್ಲ. ಪೆನ್ ಡ್ರೈವ್ ನನ್ನ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರೆ ಒಳಗೆ ನೇವ್ರಿ ಉಂಟು."

ನಾನು ಎಲ್ಲವನ್ನೂ ವಿವರಿಸಿದೆ. ಪಾತ್ರೆ ಅಂತ ಹೇಳಿದ್ದು ನಾನೇ ಅಲ್ಲವಾ ಎಂದರು ಅವರು.

ಅವರು ಹಿಂದಿರುಗಿದ ಮೇಲೆ ಪೆನ್ ಡ್ರೈವ್ ತಂದು, ಕಂಪನಿಯ ಜಾಲತಾಣದಿಂದ ಹೊಸದಾಗಿ ಸಿಸ್ಟಮ್ ಇಳಿಸಿದೆ. ಅಲ್ಲಿ ಇನ್ನೊಂದು ಬೆರಗು ಕಾದಿತ್ತು. ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ, ಊರ ಬಾವಿಯಂತೆ ಯಾರೂ ಸೇದಬಹುದು. ಬಳಸುವ ಹಕ್ಕು ಮಾತ್ರ ಅವರವರ ಯಂತ್ರದಲ್ಲಿರಬೇಕು. ಇದನ್ನು ಡೈರಿಯಲ್ಲಿ ಬರೆದು, ಪೆನ್ ಡ್ರೈವ್ ತೆಗೆದುಕೊಂಡು ಹೆಮ್ಮೆಯಿಂದ ಮೇಲೆ ಹೋದೆ. ಬಾಗಿಲು ತೆರೆದದ್ದು ಯಶವಂತಣ್ಣನ ಹೆಂಡತಿ. ಅವರು ಕೇಳಿದ್ದು ಒಂದೇ ಮಾತು:

"ನೇವ್ರಿ ಅದರಲ್ಲೇ ಉಂಟಲ್ಲ? ನಾನು ಬರೆದುಕೊಳ್ಳಲಿಲ್ಲ."

ಇರಲಿಲ್ಲ. ಸಿಸ್ಟಮ್ ಇಳಿಸುವ ಪ್ರೋಗ್ರಾಮು ಮೊದಲು ಪೆನ್ ಡ್ರೈವನ್ನು ತಾನೇ ತೊಳೆದುಬಿಟ್ಟಿತ್ತು. ಹಾಗೆ ತೊಳೆಯಲೇ ಎಂದು ಅದು ಕೇಳಿದಾಗ, ಪೂರ್ತಿ ಓದದೆ ಒಪ್ಪಿಗೆ ಒತ್ತಿದ್ದು ನಾನು. ಈ ಸುದ್ದಿ ಮಮ್ಮಿಗೆ ಇನ್ನೂ ಗೊತ್ತಿಲ್ಲ. ಒಂದೇ ಪೆನ್ ಡ್ರೈವ್‌ನಲ್ಲಿ ಸಿಸ್ಟಮ್ಮನ್ನೂ ನೇವ್ರಿಯನ್ನೂ ಒಟ್ಟಿಗೆ ಇಡುವ ಕ್ರಮ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಈ ಸಲ ಕೊನೆಯ ಸಾಲಿನವರೆಗೂ ಓದುತ್ತೇನೆ.