ಕುರಿ ಚುಚ್ಚಿದ ರಾಜರತ್ನ

ಪರೀಕ್ಷೆಗೆಂದು ಸೂಜಿ ಚುಚ್ಚಿಸಿದರೆ ಗಂಟು ಮೈತುಂಬ ಹರಡುತ್ತದೆಂದು ಬಿಜ್ಜರಗಿಯಲ್ಲಿ ಯಾವನೋ ಹೇಳಿಬಿಟ್ಟಿದ್ದ. ಅವನ ಬಾಯಿಗೆ ಮಣ್ಣು ಬೀಳಲಿ. ಎದೆಯಲ್ಲಿ ಗಂಟು ಇಟ್ಟುಕೊಂಡ ಚಂದ್ರಾಬಾಯಿ ಅದನ್ನೇ ನಂಬಿ ಆಸ್ಪತ್ರೆಗೆ ಬೆನ್ನು ತಿರುಗಿಸಿ ಕೂತಿದ್ದಳು.

ಅವಳನ್ನು ವಿಜಯಪುರಕ್ಕೆ ಕರೆದೊಯ್ಯಲು ಅಣ್ಣನ ಮಗ ರಾಜರತ್ನ ಗಾಡಿ ತಂದಿದ್ದ. ಸೊಲ್ಲಾಪುರ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಅವನದು. ಅವನ ಅಕ್ಕ ಸಂಘಮಿತ್ರಾ ಮಾತ್ರ ಪ್ರಯೋಗಾಲಯದಲ್ಲಿ ಕೂತು, ಕ್ಯಾನ್ಸರು ಹುಟ್ಟಿದ ಜಾಗ ಬಿಟ್ಟು ಹೇಗೆ ಹೊರಡುತ್ತದೆಂದು ಹುಡುಕುವವಳು. ಜೀವಕೋಶಗಳು ಒಂದನ್ನೊಂದು ಹಿಡಿದು ನಿಂತಿರುತ್ತವೆ. ಹಿಡಿಯುವ ಕೈ ಒಂದು ಪ್ರೋಟೀನು, ಆ ಕೈ ಮಾಡಿಸುವುದು ಒಂದು ಜೀನು. ಜೀನು ಕೆಟ್ಟರೆ ಹಿಡಿತ ಸಡಿಲಾಗಿ ಕೋಶ ಕಳಚಿಕೊಂಡು, ರಕ್ತದ ಜೊತೆ ಹೋಗಿ ಬೇರೆಡೆ ಮನೆ ಮಾಡುತ್ತದೆ, ಸೂಜಿಯ ತಪ್ಪಲ್ಲ ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಇಂಥದ್ದನ್ನು ಕಂಡುಹಿಡಿದವರ ಕಾಲಿಗೆ ಬೀಳಬೇಕೆಂದು ರಾಜರತ್ನನಿಗೆ ಅನಿಸಿತ್ತು. ಅಕ್ಕ ಹೇಳಿದ್ದನ್ನು ಅತ್ತೆಗೆ ಹಾಗೆಯೇ ಒಪ್ಪಿಸಿದ.

“ನಿಮ್ಮಕ್ಕ ಶಾಣ್ಯಾಕಿ ಅದಾಳ,” ಅಂದಳು ಚಂದ್ರಾಬಾಯಿ. “ಆದ್ರ ನಾ ಚುಚ್ಚಿಸ್ಕೊಳ್ಳಂಗಿಲ್ಲ.”

ಮಟಮಟ ಮಧ್ಯಾಹ್ನ. ಬೇವಿನ ನೆರಳಲ್ಲಿ ಕುರಿ ಕಾಯುವ ಬೀರಣ್ಣನ ಹಿಂಡಿನ ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ, ಸಂತೆ ದಿನದ ತಿಕೋಟಾ ಬಸ್ಸಿನಂತೆ ಒತ್ತಿಕೊಂಡು ನಿಂತಿದ್ದವು. ರಾಜರತ್ನನ ತಲೆ ಓಡಿತು. ಅತ್ತೆಯನ್ನು ಎಳೆದುಕೊಂಡು ಹೋದ. ಓಣಿಯೂ ಹಿಂದೆಯೇ ಬಂತು.

“ನೋಡ ಅತ್ತಿ, ಇವು ಕೋಶ, ಈ ಕೋಲು ಸೂಜಿ. ಚುಚ್ಚಿದ್ರ ಒಂದೂ ಕದಲಂಗಿಲ್ಲ.”

ಬಿಸಿಲಿಗೆ ಬಳಲಿ ನಿಂತ ಕುರಿ ಕೆಣಕಬೇಡವೆಂದು ಬೀರಣ್ಣ ಹೇಳುವಷ್ಟರಲ್ಲಿ ಚುಚ್ಚಿಯಾಗಿತ್ತು. ಟಗರು ನೆಗೆಯಿತು. ಹಿಂಡು ರಾಜರತ್ನನನ್ನು ಕೆಡವಿ, ಅವನ ಬೆನ್ನನ್ನೇ ಮೆಟ್ಟಿಲು ಮಾಡಿಕೊಂಡು, ಪಕ್ಕದಲ್ಲಿದ್ದ ಅಮರಪ್ಪನ ದ್ರಾಕ್ಷಿ ತೋಟಕ್ಕೆ ನುಗ್ಗಿತು. ಚುಚ್ಚಿದರೆ ಹರಡುತ್ತದೆಂದು ನಾವು ಹೇಳಿರಲಿಲ್ಲವೇ ಎಂದು ಓಣಿಯವರು ಹಿಗ್ಗಿದರು. ಅಮರಪ್ಪ ಬಡಿಗೆ ಹಿಡಿದು ಬಂದ.

ಕುರಿ ಅಟ್ಟುತ್ತ ಎಲ್ಲರೂ ತೋಟದ ಆಚೆ ತುದಿ ಮುಟ್ಟಿದಾಗ ಅಲ್ಲೊಂದು ಕುರಿ ಹೊಟ್ಟೆ ಬಿರಿಯುವಷ್ಟು ತಿಂದು, ಮಲಗಿ ಮೆಲುಕು ಹಾಕುತ್ತಿತ್ತು. ಉಳಿದವು ಏದುಸಿರು ಬಿಡುತ್ತಿದ್ದವು. ಚಂದ್ರಾಬಾಯಿ ಮಲಗಿದ ಕುರಿಯನ್ನೇ ನೋಡುತ್ತ ನಿಂತಳು.

“ಬೀರಣ್ಣ, ಇದು ಕೋಲು ತಾಗೂಕಿಂತ ಮೊದಲ ಬಂದೈತೇನು?”

“ಹೌದ್ರಿ ಬಾಯಿ. ಮುಂಜಾನೆನ ತಪ್ಪಿಸ್ಕೊಂಡೈತಿ, ನಾ ನೋಡೇ ಇಲ್ಲ.”

“ಹಂಗಾರ ಹೋಗೂದು ಹೋಗತೈತಿ, ಚುಚ್ಚಲಿ ಬಿಡಲಿ. ಹೋಗೂಕಿಂತ ಮೊದಲ ನಾವು ನೋಡಬೇಕಷ್ಟ.” ಸೆರಗು ಬಿಗಿದಳು. “ಗಾಡಿ ತಗಿ, ರಾಜಾ.”

ಮುರಿದ ಬಳ್ಳಿಗಳನ್ನೆಲ್ಲ ತಾನೇ ಬಂದು ಕಟ್ಟುವುದಾಗಿ ರಾಜರತ್ನ ಆಣೆ ಮಾಡಿದ ಮೇಲೆ ಅಮರಪ್ಪ ಅವನ ಕಾಲರ್ ಬಿಟ್ಟ.

ಸೂಜಿ ಪರೀಕ್ಷೆಯ ವರದಿ ಬಂತು. ಗಂಟು ಕೆಟ್ಟದ್ದೇ, ಆದರೆ ಇನ್ನೂ ಎಲ್ಲಿಗೂ ಹೊರಟಿರಲಿಲ್ಲ. ತೆಗೆದುಹಾಕಿದರು. ರಾಜರತ್ನ ಬಳ್ಳಿ ಕಟ್ಟುತ್ತಿದ್ದಾಗ ಅಕ್ಕನ ಫೋನು ಬಂತು. ಹೊಗಳಿಕೆ ಕೇಳಲೆಂದು ಸ್ಪೀಕರಿಗೆ ಹಾಕಿದ.

“ಲೇ ರಾಜಾ, ಅತ್ತಿ ವಾರ್ಡಿನ ತುಂಬ ಕತಿ ಹೇಳ್ಯಾಳ. ಈಗ ಬಬಲೇಶ್ವರದ ಹೆಣ್ಮಕ್ಕಳು ಕುರಿ ಬಿಟ್ಟು ತೋರಿಸಿದ್ರಷ್ಟ ಸೂಜಿ ಅಂತ ಹಟ ಹಿಡದು ಕುಂತಾರ. ಬೀರಣ್ಣನ ಹಿಂಡು ತಗೊಂಡು ಅವರೂರಿಗೆ ಹೋಗು. ಒಂದು ತ್ವಾಟಾನೂ ಬೇಕಂತ.”

ರಾಜರತ್ನ ಫೋನು ಆರಿಸಿ ತಿರುಗಿದ. ಹಿಂದೆಯೇ ಅಮರಪ್ಪ ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

“ಬಬಲೇಶ್ವರದಾಗ ನಮ್ಮ ಬೀಗನ ತ್ವಾಟ ಐತಿ,” ಅಂದ ಮೆಲ್ಲಗೆ. “ನನಗೂ ಅಂವಗೂ ಮಾತಿಲ್ಲ. ಕುರಿ ಅಲ್ಲೇ ಬಿಡು.”