ಎಮ್ಮೆ ಹಿಂದಿಕ್ಕಿದ ಹಾಯಿದೋಣಿ

ನಮ್ಮ ಎಸ್ಟೇಟ್ ಓನರ ಹಾಯಿದೋಣಿ ಏನಾದರೂ ಒಂದು ಎಡವಟ್ಟಾಗದೆ ದಡ ಸೇರಿದ ದಿನವೇ ಇಲ್ಲ. ಹೇಮಾವತಿ ಹಿನ್ನೀರಿನಲ್ಲಿ ಅಂಥ ದೋಣಿ ಓಡಿಸಿದ ಗಂಡಸು ನಾನೊಬ್ಬನೇ, ಅನುಮಾನ ಇದ್ದರೆ ಮಗ್ಗೆಯಲ್ಲಿ ಯಾರನ್ನಾದರೂ ಕೇಳಿ. ಹಡಗಿನ ಕೆಲಸ ಬಿಟ್ಟು ಕಾಫಿ ತೋಟಕ್ಕೆ ಬಂದಿದ್ದ ಓನರು ಅದನ್ನು ಕ್ಯಾಟಮರಾನ್ ಅನ್ನುತ್ತಿದ್ದರು. ಎರಡು ತೆಳ್ಳನೆ ದೋಣಿ ಅಕ್ಕಪಕ್ಕ ಇಟ್ಟು, ಮೇಲೆ ಅಟ್ಟ ಹೊಡೆದು, ಹಾಯಿ ಕಟ್ಟಿದ್ದು. ಓಡಿದರೆ ಜಿಂಕೆ ಅಂತ ಊರೆಲ್ಲ ಹೇಳಿದ್ದೆ. ಆಚೆ ದಡದಲ್ಲಿ ನನಗೊಂದು ಹೆಣ್ಣಿದೆ ಅಂತ ಸುದ್ದಿ ಬಂದಾಗ, "ನೋಡೋಕೆ ಬಸ್ಸಲ್ಲಿ ಬರಲ್ಲ, ದೋಣೀಲೇ ಬರ್ತೀನಿ" ಅಂತ ಹೇಳಿಕಳಿಸಿದೆ. ಹುಡುಗಿಯ ಅಪ್ಪನ ಉತ್ತರ ಬಂತು: "ಶುಕ್ರವಾರ ರಾಹುಕಾಲಕ್ಕೆ ಮುಂಚೆ ಬರ್ಲಿ. ತಡ ಆದ್ರೆ ಈ ಸಂಬಂಧ ಬ್ಯಾಡ."

ಇನ್ನು ದೋಣಿ ಓಡಲೇಬೇಕಿತ್ತು. ಅಲ್ಲಿವರೆಗೆ ಅದು ಓಡಿದ್ದು ಹೆಂಗೆ ಅಂತ ಕೇಳಿ.

೧. ಒರಳು

ಓನರ ಹೆಂಡತಿ ಅಮ್ಮಾವ್ರು ಒಮ್ಮೆ "ನೀರಲ್ಲೇ ಎರಡು ದಿನ ಇದ್ದು ಬರೋಣ" ಅಂತ ಹೊರಟರು. ಗ್ಯಾಸ್ ಒಲೆ, ನೀರಿನ ಡ್ರಮ್ಮು, ಹಾಸಿಗೆ ಸುರುಳಿ, ಕಲ್ಲಿನ ಒರಳು ಎಲ್ಲ ಹತ್ತಿದವು. ಎರಡೂ ದೋಣಿ ಹೊಟ್ಟೆಮಟ್ಟ ಮುಳುಗಿದವು.

"ಇದು ಹಗುರ ಇದ್ರೇನೇ ಓಡೋದು ಕಣೇ, ಏನಾದ್ರೂ ಭಾರ ಇಳಿಸು" ಅಂದರು ಓನರು.

ಅಮ್ಮಾವ್ರು ಒಂದ್ಸಲ ಸಾಮಾನು ನೋಡಿದರು, ಒಂದ್ಸಲ ಗಂಡನ ಹೊಟ್ಟೆ ನೋಡಿದರು. "ಹಂಗಾದ್ರೆ ನೀವು ಇಳೀರಿ. ಒರಳಾದ್ರೂ ಚಟ್ನಿಗೆ ಬೇಕಾಗುತ್ತೆ."

೨. ಗಾಳಿ

ಒಂದು ದಿನ ಬೆಳಿಗ್ಗೆಯೆಲ್ಲ ಎಲೆ ಅಲ್ಲಾಡಿರಲಿಲ್ಲ. ಮಧ್ಯಾಹ್ನ ಘಾಟಿ ಕಡೆಯಿಂದ ಜೋರು ಗಾಳಿ ಬಂತು. ನಾನು ಎದೆ ಉಬ್ಬಿಸಿ ಹಗ್ಗ ಹಿಡಿದೆ.

"ಹಾಯಿ ಅರ್ಧ ಮಡಚೋ!" ಅಂತ ಓನರು ಕೂಗಿದರು. "ಒಂಟಿ ದೋಣಿ ವಾಲಿ ವಾಲಿ ಎಚ್ಚರ ಕೊಡುತ್ತೆ. ಇದು ವಾಲಲ್ಲ, ಮಗುಚಿದ್ರೆ ಒಂದೇ ಸಲ."

"ಗಾಳಿ ಇಲ್ದಿದ್ರೆ ಇದು ಓಡಲ್ಲ, ಬಂದ್ರೆ ನೀವು ಓಡ್ಸಲ್ಲ. ಮತ್ಯಾವಾಗ ಸಾರ್ ಓಡೋದು?"

"ನೀನು ಊರಲ್ಲಿ ಕೊಚ್ಕೊತೀಯಲ್ಲ, ಆವಾಗ."

೩. ಪಾಚಿ

ಇನ್ನೊಂದು ದಿನ ಹಾಯಿ ಪೂರ್ತಿ ಬಿಚ್ಚಿ ಹೋಗುತ್ತಿದ್ದೆವು. ಹಿಂದಿನಿಂದ ಒಂದು ಎಮ್ಮೆ ಈಜಿಕೊಂಡು ಬಂದು ನಮ್ಮನ್ನು ದಾಟಿತು. ಬೆನ್ನ ಮೇಲೆ ಕೂತಿದ್ದ ಅಜ್ಜ, "ಕೆಟ್ಟೋಗ್ಬುಟ್ಟೈತಾ ಮಾರಾಯ?" ಅಂತ ಕೇಳಿದ.

"ಇಲ್ಲ, ಫುಲ್ ಸ್ಪೀಡಲ್ಲೈತೆ!" ಅಂದೆ.

ಓನರು ಬಗ್ಗಿ ನೋಡಿದರು. ದೋಣಿಯ ತಳಕ್ಕೆ ಗಡ್ಡದಂತೆ ಪಾಚಿ. "ಎಮ್ಮೆ ಮೈ ದಿನಾ ಉಜ್ತಾರೆ, ನಮ್ದನ್ನ ಯಾರು ಉಜ್ಜಿದ್ರೋ?"

ಮಾರನೆ ದಿನ ನಾನು ಸೊಂಟಮಟ್ಟ ನೀರಲ್ಲಿ ನಿಂತು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದೆ. ಅದೇ ಅಜ್ಜ ದಡದಿಂದ ಕೂಗಿದ: "ಹಂಗೇ ಬಾಲದ ಬುಡಾನೂ ಉಜ್ಜಪ್ಪ!"

೪. ಹೆಣ್ಣು ನೋಡುವ ಶಾಸ್ತ್ರ

ಶುಕ್ರವಾರ ಓನರು ದೋಣಿಯನ್ನು ನನ್ನ ಕೈಗೇ ಕೊಟ್ಟರು. ಸಾಮಾನೆಲ್ಲ ಇಳಿಸಿದ್ದೆ, ತಳ ಫಳಫಳ. ಅಪ್ಪ, ಅವ್ವ, ಮಾವ ಹತ್ತಿದರು. "ನಾಲ್ಕು ಜನ ಹೋಗ್ಬಾರ್ದು, ಬೆಸ ಆಗ್ಬೇಕು" ಅಂತ ಅವ್ವ ಅತ್ತೆಯನ್ನೂ ಕರೆದಳು. ಬರಿಗೈಲಿ ಹೋಗೋದು ಹೆಂಗೆ ಅಂತ ಅತ್ತೆ ಬಾಳೆಗೊನೆ, ತೆಂಗಿನಕಾಯಿ ಮೂಟೆ ಹೊರಿಸಿಕೊಂಡು ಬಂದಳು.

ನಡುನೀರಲ್ಲಿ ಗಾಳಿ ಕುಂಟತೊಡಗಿತು. ಹುಡುಗಿ ಮನೆ ಕಣ್ಣೆದುರಿಗೇ ಕಾಣುತ್ತೆ, ಹತ್ತಿರ ಮಾತ್ರ ಬರಲ್ಲ. ಅಪ್ಪನ ಹೊಸ ಪಂಚೆ ಬಿಚ್ಚಿಸಿ ಎರಡನೇ ಹಾಯಿ ಮಾಡಿದೆ. ಅಪ್ಪ ಪಟ್ಟಾಪಟ್ಟಿ ಚಡ್ಡಿಯಲ್ಲಿ ಬಾಳೆಗೊನೆ ಹಿಂದೆ ಕೂತರು. ಗಾಳಿ ಪೂರ್ತಿ ಸತ್ತಾಗ ನಾನೇ ನೀರಿಗೆ ಧುಮುಕಿ, ಹಗ್ಗ ಹೆಗಲಿಗೆ ಹಾಕಿ ಈಜಿಕೊಂಡು ಎಳೆದೆ. ಹಿನ್ನೀರಲ್ಲಿ ಇನ್ಯಾವನಿಗಾದರೂ ಆಗುತ್ತಾ ಹೇಳಿ! ಆದರೂ ದಡ ಮುಟ್ಟುವಷ್ಟರಲ್ಲಿ ರಾಹುಕಾಲ ಬಂದು ಹೋಗಿಯೂ ಆಗಿತ್ತು.

ಹುಡುಗಿಯ ಅಪ್ಪ ಕೈಕಟ್ಟಿ ನಿಂತಿದ್ದರು. "ತಡ ಆಯ್ತು. ನಡೀರಿ."

ಅವರ ಹಿಂದೆ ಹುಡುಗಿ ಬಂದಳು. "ತಡ ಎಲ್ಲಪ್ಪಾ? ರಾಹುಕಾಲಕ್ಕೆ ಮುಂಚೇನೇ ಶಾಸ್ತ್ರ ಶುರುವಾಗೈತೆ. ಬೆಳಿಗ್ಗೆಯಿಂದ ಜಗಲೀಲಿ ಕೂತು ಹುಡುಗನ್ನ ನೋಡ್ತಾನೇ ಇದೀನಿ. ಬೇರೆ ಹುಡುಗೀರಿಗೆ ಹುಡುಗನ್ನ ನೋಡೋಕೆ ಕಾಫಿ ಲೋಟ ಕೊಡೋಷ್ಟು ಹೊತ್ತೂ ಸಿಗಲ್ಲ. ನಂಗೆ ಒಪ್ಪಿಗೆ."

ಮುಂಚೆ ಶುರುವಾದ ಶಾಸ್ತ್ರಕ್ಕೆ ರಾಹುಕಾಲದ ದೋಷ ಇಲ್ಲ. ಅವಳಪ್ಪ ಕಟ್ಟಿದ್ದ ಕೈ ಬಿಚ್ಚಿದರು, ನನ್ನ ಎದೆ ಉಬ್ಬಿತು.

ಅವಳು ದೋಣಿಯಲ್ಲಿದ್ದ ಬಾಳೆಗೊನೆ ಕಡೆ ನೋಡಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. "ಮಾವಯ್ಯನ್ನೂ ಬೇಕಾದ್ದಕ್ಕಿಂತ ಜಾಸ್ತೀನೇ ನೋಡ್ಬುಟ್ಟೆ ಕಣಪ್ಪಾ. ಮೊದ್ಲು ಅವರಿಗೊಂದು ಪಂಚೆ ಕೊಡು."