ಮಧ್ಯದಲ್ಲಿ ಯಾರೂ ನಿಲ್ಲಕೂಡದು

ನೊಣವಿನಕೆರೆಯ ಕೊಬ್ಬರಿ ವ್ಯಾಪಾರಿ ಯೋಗೀಶ ಆ ಭಾನುವಾರ ಹಲ್ಲುಜ್ಜುವ ಮೊದಲೇ ಘೋಷಿಸಿಬಿಟ್ಟ: "ಇವತ್ತು ಸಾಯಂಕಾಲದೊಳಗೆ ಈ ಊರು ಕಂಡು ಕೇಳರಿಯದಂಥ ಒಂದು ಫೋಟೊ ತೆಗೀತೀನಿ." ತಿಪಟೂರಿನಲ್ಲೊಂದು ಹವ್ಯಾಸಿಗಳ ಬಳಗ 'ಬೀದಿ ಬದುಕು' ಎಂಬ ಫೋಟೊ ಪ್ರದರ್ಶನ ಇಟ್ಟಿತ್ತು. ಚಿತ್ರ ಕಳಿಸಲು ಅಂದೇ ಕೊನೆಯ ದಿನ. ಆರು ತಿಂಗಳಿನಿಂದ ಕ್ಯಾಮೆರಾವನ್ನು ಸ್ನಾನಕ್ಕೆ ಮಾತ್ರ ಕೊರಳಿಂದ ತೆಗೆದವನು, ಅಲ್ಲಿನ ಗೋಡೆಗೆ ಒಂದಾದರೂ ಏರಿಸಲೇಬೇಕೆಂದು ಹಟ ಹಿಡಿದಿದ್ದ.

"ಊರಿಂದು ಆಮೇಲೆ. ಮೊದ್ಲು ನಂದೊಂದು ನೆಟ್ಟಗೆ ತೆಗೀರಿ," ಎಂದಳು ಹೆಂಡತಿ ಗಿರಿಜಾಂಬಿಕಾ.

ಅವಳ ದೂರಿನಲ್ಲಿ ಹುರುಳಿತ್ತು. ಯೋಗೀಶನಿಗೆ ಎರಡೇ ಸಿದ್ಧಾಂತ. ಯಾರಿಗೂ ಹೇಳದೆ ಕೇಳದೆ ಕ್ಲಿಕ್ಕಿಸಬೇಕು. ಮನುಷ್ಯರನ್ನು ಮಧ್ಯದಲ್ಲಿ ನಿಲ್ಲಿಸಲೇಕೂಡದು! ಹೀಗಾಗಿ ಮನೆಯ ಆಲ್ಬಮ್ಮಿನಲ್ಲಿ ಗಿರಿಜಾಂಬಿಕಾ ಎಲ್ಲೆಲ್ಲೂ ಅಂಚಿನಲ್ಲೇ. ತಂಗಿಯ ಮದುವೆಯಲ್ಲಿ ಅರ್ಧ ಮುಖ. ಮೈಸೂರಿನಲ್ಲಿ ಒಂದು ಕಿವಿ, ಅದರ ಓಲೆ, ಮಿಕ್ಕಿದ್ದೆಲ್ಲ ಆಕಾಶ.

"ಅದು ಖಾಲಿ ಜಾಗ ಅಲ್ಲ ಕಣೇ, ಚಿತ್ರದ ಉಸಿರು," ಎಂದಿದ್ದ ಅವನು.

"ಉಸಿರು ಇಟ್ಕಂಡು ನನ್ನ ಬುಟ್ಬುಟ್ರಲ್ಲ," ಎಂದಿದ್ದಳು ಅವಳು.

ಬೀದಿಗಿಳಿದರೆ ಇನ್ನೊಂದು ತಾಪತ್ರಯ. ಕ್ಯಾಮೆರಾ ಕಂಡದ್ದೇ ತಡ, ಜನ ಗರುಡಗಂಬದಂತೆ ನೆಟ್ಟಗೆ ನಿಂತುಬಿಡುತ್ತಿದ್ದರು. ಎದುರುಮನೆಯ ಗಂಗಾಧರಯ್ಯನವರು ಜಗಲಿಯ ಮೇಲೆ ಕಾಲು ಚಾಚಿ ಚೆಂದವಾಗಿ ಬೀಡಿ ಸೇದುತ್ತಿದ್ದವರು, "ತಡಿಯಪ್ಪ, ಬಂದೆ," ಎಂದು ಒಳಗೆ ಹೋಗಿ, ಮುಖ ತೊಳೆದು, ವಿಭೂತಿ ಹಚ್ಚಿ, ಇಸ್ತ್ರಿ ಶರ್ಟು ತೊಟ್ಟು ಬಂದರು. "ಇದು ಪಾನ್ ಕಾರ್ಡ್‌ಗೂ ಆಯ್ತದೇನಪ್ಪ?"

ಮಧ್ಯಾಹ್ನ ಇಳಿಯುವ ಹೊತ್ತಿಗೆ ಯೋಗೀಶನಿಗೆ ಜ್ಞಾನೋದಯವಾಯಿತು. ತಾನು ಯಾರ ಕಣ್ಣಿಗೂ ಬೀಳದ ಜಾಗ ಬೇಕು. ಅಂಥದ್ದು ಮನೆಯ ಅಟ್ಟವೊಂದೇ! ಆ ಸೀಮೆಯಲ್ಲಿ ಅಟ್ಟಕ್ಕೇರಿದ ತೆಂಗಿನಕಾಯಿಯೆಂದರೆ ತಪಸ್ಸಿಗೆ ಕೂತ ಹಾಗೆ. ಒಳಗಿನ ನೀರು ಇಂಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ಯಾರೂ ಮುಟ್ಟುವಂತಿಲ್ಲ. ಬೀದಿಯ ಕಡೆ ಒಂದು ಕಿಂಡಿ, ಕಾಯಿ ಉರುಳದಂತೆ ಅದರ ಬುಡಕ್ಕೆ ಅಡ್ಡಹಲಗೆ. ಕಾಯಿ ಇಳಿಸುವ ದಿನ ಮಾತ್ರ ಹಲಗೆ ತೆಗೆಯುವುದು.

ಯೋಗೀಶ ಕಾಯಿರಾಶಿಯ ಮೇಲೆ ತೆವಳಿಕೊಂಡು ಹೋಗಿ ಕಿಂಡಿಗೆ ಕಣ್ಣಿಟ್ಟ. ಆಹಾ! ಬೀದಿ, ಇಳಿಬಿಸಿಲು, ತುರುವೇಕೆರೆ ಬಸ್ಸು, ಮತ್ತೆ ಬೀಡಿ ಹಚ್ಚಿದ್ದ ಗಂಗಾಧರಯ್ಯ. ಒಂದೇ ಕೊರತೆ, ಚಿತ್ರದ ಬುಡದಲ್ಲಿ ಆ ಹಲಗೆ ಅಡ್ಡ ಬರುತ್ತಿತ್ತು. ಕಲಾವಿದ ಯೋಗೀಶ ವ್ಯಾಪಾರಿ ಯೋಗೀಶನನ್ನು ಒಂದು ಮಾತೂ ಕೇಳಲಿಲ್ಲ. ಹಲಗೆ ಎಳೆದುಬಿಟ್ಟ.

ಮೊದಲು ಒಂದು ಕಾಯಿ ಬಿತ್ತು. ಆಮೇಲೆ ನಾಲ್ಕು. ಆಮೇಲೆ ಎಣಿಸುವವರು ಯಾರು! ತಪಸ್ಸೆಲ್ಲ ದಡದಡನೆ ಎದ್ದು ಬೀದಿಗೆ ಹೊರಟಿತು, ಜೊತೆಗೆ ಯೋಗೀಶನೂ. ಕಿಂಡಿಯಲ್ಲಿ ಸೊಂಟ ಸಿಕ್ಕಿಕೊಂಡದ್ದರಿಂದ ಬಚಾವು. ಅರ್ಧ ಒಳಗೆ, ಅರ್ಧ ಹೊರಗೆ, ಕೈಯಲ್ಲಿ ಕ್ಯಾಮೆರಾ. ಬಸ್ಸು ಗಕ್ಕನೆ ನಿಂತಿತು.

ಗಂಗಾಧರಯ್ಯನವರು ಕಾಯಿ ನೋಡಿದರು, ಯೋಗೀಶನನ್ನು ನೋಡಿದರು, ಎಲ್ಲವನ್ನೂ ತಪ್ಪಾಗಿ ಅರ್ಥ ಮಾಡಿಕೊಂಡರು. ಎರಡೂ ಕೈ ಎತ್ತಿ ಕೂಗಿದರು: "ಕೊಬ್ಬರಿ ರೇಟು ಏರೈತೆ ಕಣ್ರಲಾ! ವ್ಯಾಪಾರದೋನೇ ಹೊತ್ತಲ್ಲದ ಹೊತ್ನಲ್ಲಿ ಅಟ್ಟ ಇಳಿಸ್ತಾವ್ನೆ."

ಐದೇ ನಿಮಿಷದಲ್ಲಿ ಬೀದಿಯುದ್ದಕ್ಕೂ ಅಟ್ಟದ ಹಲಗೆ ಬಿಚ್ಚುವ ಸದ್ದು, ಕಾಯಿ ಸುಲಿಯುವವರಿಗೆ ಫೋನು.

"ರೇಟಲ್ಲ ಗಂಗಾಧರಣ್ಣ, ಫೋಟೊ," ಎಂದ ಯೋಗೀಶ ನೇತಾಡುತ್ತಲೇ.

"ವ್ಯಾಪಾರದ ಗುಟ್ಟು ಯಾರು ಬುಟ್ಕೊಡ್ತಾರೆ ಬುಡು," ಎಂದರು ಅವರು.

ಕಾಯಿ ಬಿದ್ದ ಸದ್ದಿಗೇ ಗಿರಿಜಾಂಬಿಕಾ ಹೊರಗೆ ಬಂದಿದ್ದಳು. ತಲೆಯೆತ್ತಿ ನೋಡಿದ್ದಳು. ಗಂಗಾಧರಯ್ಯನವರ ಕೈ ಇಳಿಯುವ ಮೊದಲೇ ಮೊಬೈಲು ತೆಗೆದು ಕ್ಲಿಕ್ ಎನಿಸಿದ್ದಳು.

"ಮೊಬೈಲು ಬಿಟ್ಟು ಏಣಿ ತಾರೇ ಮೊದ್ಲು."

"ತಡೀರಿ. ಅತ್ತೆ ಊರಿಂದ ಬಂದು ಕಾಯಿ ಯಾರು ಬೀಳಿಸಿದ್ದು ಅಂದ್ರೆ ಸಾಕ್ಷಿ ಬೇಕಲ್ಲ."

ಇಳಿಸಿದ ಮೇಲೆ ಅವನು ಆಣೆಯಿಟ್ಟು ಹೇಳಿದಾಗಲೇ ಊರು ನಿಜ ನಂಬಿ, ಹಲಗೆಗಳನ್ನು ಮತ್ತೆ ಕೂರಿಸಿದ್ದು. ಕಾಯಿ ಆರಿಸಿ ಮುಗಿಯುವಾಗ ಸಂಜೆ. ಕ್ಯಾಮೆರಾದಲ್ಲಿದ್ದದ್ದು ಯೋಗೀಶನದೇ ಹೆಬ್ಬೆರಳಿನ ನಾನಾ ಭಂಗಿಗಳು. ಆರು ತಿಂಗಳ ಆಸೆ ಮಣ್ಣುಪಾಲಾಯಿತೆಂದು ಅವನಿಗೆ ನಿಜಕ್ಕೂ ಅಳು ಬಂತು.

ಗಿರಿಜಾಂಬಿಕಾ ಮೊಬೈಲು ಮುಂದೆ ಹಿಡಿದಳು. ಬೀದಿಯುದ್ದಕ್ಕೂ ಉರುಳುವ ಕಾಯಿ, ನಿಂತ ಬಸ್ಸು, ಕೈಯೆತ್ತಿದ ಗಂಗಾಧರಯ್ಯ. ಯಾರೂ ಪೋಸು ಕೊಟ್ಟಿಲ್ಲ! ಎಲ್ಲದರ ನಟ್ಟನಡುವೆ, ಕಿಂಡಿಯ ಚೌಕಟ್ಟಿನೊಳಗೆ, ಬಾಯಿ ತೆರೆದ ಯೋಗೀಶ. ತಪ್ಪು ಹುಡುಕಿದ. ಸಿಗಲಿಲ್ಲ.

"ನನ್ನ ಸರೀ ಮಧ್ಯಕ್ಕೇ ಇಟ್ಟಿದೀಯಲ್ಲೇ."

"ನಿಮ್ ಸಿದ್ಧಾಂತ ನಂಗೇನು ಗೊತ್ತು. ನಾನು ನೋಡ್ತಿದ್ದಿದ್ದು ನಿಮ್ಮನ್ನ, ಮಧ್ಯ ಇಟ್ಕಂಡೆ."

ಯೋಗೀಶ ಅದನ್ನೇ ಅವಳ ಹೆಸರಿನಲ್ಲಿ ಪ್ರದರ್ಶನಕ್ಕೆ ಕಳಿಸಿದ.

ತಿಪಟೂರಿನ ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಬಾಗಿಲಿನ ಎದುರುಗೋಡೆಯೇ ಸಿಕ್ಕಿತು. ಅದರ ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿ, "ಇಲ್ಲಿ ನೋಡು, ಒಂಚೂರು ನಗು," ಎಂದು ಯೋಗೀಶ ಎರಡು ಸಿದ್ಧಾಂತಗಳನ್ನೂ ಒಟ್ಟಿಗೇ ಕೈಬಿಟ್ಟ. ಸರೀ ಮಧ್ಯದಲ್ಲಿ, ಎರಡೂ ಕಿವಿ, ಎರಡೂ ಓಲೆ ಸಮೇತ ಗಿರಿಜಾಂಬಿಕಾ! ಅವಳನ್ನು ಮಧ್ಯಕ್ಕೆ ತರುವ ಭರದಲ್ಲಿ ಗೋಡೆಯ ಚಿತ್ರ ಮಾತ್ರ ಅಂಚಿನಲ್ಲಿ ಅರ್ಧಕ್ಕೇ ಕತ್ತರಿಸಿಹೋಗಿತ್ತು.

"ಅಯ್ಯೋ, ನಂದು ಅರ್ಧ ಮುಖನೇ ಇಲ್ವಲ್ಲೇ," ಎಂದ.

ಗಿರಿಜಾಂಬಿಕಾ ಫೋಟೊವನ್ನು ಬಹಳ ಹೊತ್ತು ನೋಡಿ, ಹಿಗ್ಗಿ, ಕ್ಯಾಮೆರಾ ವಾಪಸು ಕೊಟ್ಟಳು.

"ಇರ್ಲಿ ಬುಡಿ. ಉಸಿರಾಡೋಕೆ ಒಂದು ಮೂಗಿನ ಹೊಳ್ಳೆ ಉಳಿದೈತಲ್ಲ."